ಸಾಹುಕಾರರ ಆತ್ಮಕಥೆಗೆ ಬಿದ್ದ ಬೀಗ

“ಕಿಡಕಿ ಹಾಕವಾ ವಿದ್ಯಾ. ಯಾರರೆ ನೋಡಿಗೀಡ್ಯಾರು.”

ವಿದ್ಯಾವತಿ ಕಿಟಕಿ ಹಾಕಿದಳು. ಹೊರಗೆ ಒಂದು ಎಮ್ಮೆಯ ಹೊರತು ಯಾರೂ ಇರಲಿಲ್ಲ. ಆದರೆ ತಮ್ಮ ಆತ್ಮಕಥೆಯನ್ನು ಕದಿಯಲು ಜಿಲ್ಲೆಯ ಸಾಹಿತಿಗಳೆಲ್ಲ ಹೊಂಚು ಹಾಕಿದ್ದಾರೆ ಎಂಬುದು ಸಂಗಮೇಶ ಸಾಹುಕಾರರ ಗಟ್ಟಿ ನಂಬಿಕೆ. ಪುಕ್ಕಟೆ ಕೊಟ್ಟರೂ ಓದುವವರಿಲ್ಲದ ಪುಸ್ತಕವನ್ನು ಕದಿಯುವವರು ಯಾರು ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪುಸ್ತಕದ ಹೆಸರು ‘ನಾನು ಮತ್ತು ಮುದ್ದೇಬಿಹಾಳ’. ಆರುನೂರ ಹನ್ನೆರಡು ಪುಟ. ಮುದ್ದೇಬಿಹಾಳ ಅದರಲ್ಲಿ ಅಲ್ಲಲ್ಲಿ ಬರುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ಟೈಪ್ ಮಾಡಿಸಿದಾಗ ಸಾಹುಕಾರರು ಟೈಪ್ ಮಾಡುವ ಹುಡುಗಿಯ ಬೆನ್ನ ಹಿಂದೆಯೇ ನಿಂತು, ಅಲ್ಲಿದ್ದ ಪ್ರತಿಯನ್ನು ಅಳಿಸಿಸಿ ಬಂದಿದ್ದರು. ಕೈಬರಹದ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿಸಿದ್ದರು. ಆವತ್ತು ನೀರು ಬೇಗ ಕಾದವು ಎಂದು ಹೆಂಡತಿ ಜಯಮಾಲಾ ಹೇಳಿದ್ದನ್ನು ಅವರು ವಿಮರ್ಶೆ ಎಂದು ತಿಳಿಯಲಿಲ್ಲ.

ಇಷ್ಟೂ ಸಾಲದೆಂದು ಸಿಂದಗಿಯಿಂದ ಕಂಪ್ಯೂಟರ್ ಬಲ್ಲ ಜೈನುದ್ದೀನನನ್ನು ಮನೆಗೆ ಕರೆಸಿದ್ದರು. ಫೈಲುಗಳನ್ನು ಕುಗ್ಗಿಸಿ ಬೀಗ ಹಾಕುವ ಪ್ರೋಗ್ರಾಮೊಂದರ ಹೊಸ ಆವೃತ್ತಿ ಬಂದಿತ್ತು. ಅದರಲ್ಲಿ ಯಾವ್ಯಾವ ಸೌಲಭ್ಯ ಬೇಕು ಎಂದು ಅವನು ಕೇಳಿದ. “ಎಲ್ಲಾ ಹಾಕು. ಒಂದೂ ಬಿಡಬ್ಯಾಡ,” ಎಂದರು. ಅವನು ಕಂಡ ಕಂಡಲ್ಲೆಲ್ಲ ಸರಿ ಗುರುತು ಒತ್ತಿ, ಹೊಸ ಸೌಲಭ್ಯಗಳ ಇಂಗ್ಲಿಷ್ ಹಾಳೆಯೊಂದನ್ನು ಕೈಗಿಟ್ಟು, ಸಿಂದಗಿಯ ಬಸ್ಸು ಹತ್ತಿದ. ಹಾಳೆ ಓದಿ ಹೇಳಲು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ವಿದ್ಯಾವತಿಗೆ ಬುಲಾವು ಹೋಯಿತು.

ಅವಳು ಬಂದದ್ದು ಹಾಳೆಗಾಗಿ ಅಲ್ಲ, ಹದಿನೆಂಟನೆಯ ಅಧ್ಯಾಯಕ್ಕಾಗಿ. ಅವಳ ತಂದೆ ರೇವಪ್ಪ ಮಾಸ್ತರರು ಒಂದು ಚೀಲ ಜೋಳಕ್ಕೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾರಿಕೊಂಡರು ಎಂದು ಸಾಹುಕಾರರು ಅಲ್ಲಿ ಬರೆದು, ಅವಳಿಗೇ ಓದಿ ತೋರಿಸಿದ್ದರು. ಜೋಳದ ಚಕ್ಕಡಿ ಬಂದದ್ದು ನಿಜ. ಅದು ಬಂದದ್ದು ಸಾಹುಕಾರರ ಮನೆಯಿಂದ. ಮಾಸ್ತರರು ಅದನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದರು, ಆ ವರ್ಷ ಸಾಹುಕಾರರು ನಪಾಸಾಗಿದ್ದರು. ಪುಸ್ತಕದಲ್ಲಿ ಅದಕ್ಕೆ ಜಾಗ ಸಾಲದೆ ಹೋಗಿತ್ತು.

ಮಾಸ್ತರರು ತೀರಿಕೊಂಡು ನಾಲ್ಕು ವರ್ಷ. ತಾಯಿ ಸಿದ್ದವ್ವ ಮಾತ್ರ ಕಿರಾಣಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವಳು. ಅಪ್ಪನನ್ನು ಕಳ್ಳನೆಂದು ಅಚ್ಚು ಹಾಕಿದ ಪುಟ ಅವ್ವನ ಕೈಗೆ ಸಿಗಬಾರದು ಎಂಬುದೇ ವಿದ್ಯಾವತಿಯ ಚಿಂತೆ. ಈಗಾಗಲೇ ಎರಡು ಸಲ ಬಂದು ಕೈಮುಗಿದು ಹೋಗಿದ್ದಳು. ಸೋಮವಾರ ಫೈಲು ಮುದ್ರಣಕ್ಕೆ ಹೋಗುವುದಿತ್ತು.

“ಕಾಕಾ, ಆ ಅಧ್ಯಾಯ…”

“ಖರೇನ ಬರದೇನಿ ಯವ್ವಾ. ಖರೇ ಚುಚ್ಚತೈತಿ ಅಂದ್ರ ನಾ ಏನ್ ಮಾಡ್ಲಿ? ಹಾಳಿ ಓದು.”

ಅವಳು ಓದಿ ಹೇಳುತ್ತ ಹೋದಳು. ಇಪ್ಪತ್ತು ಫ್ಲಾಪಿಯ ಸಾಮಗ್ರಿ ಎರಡರಲ್ಲಿ ಹಿಡಿಯುತ್ತದೆ. ಪಾಸ್‌ವರ್ಡ್ ಇಲ್ಲದೆ ಯಾವ ಪಂಡಿತನಿಗೂ ತೆರೆಯಲು ಬರುವುದಿಲ್ಲ. ಒಳಗಿನ ಫೈಲಿನ ಹೆಸರು ಕೂಡ ಹೊರಗೆ ಕಾಣುವುದಿಲ್ಲ. ಬೀಗ ಬಿದ್ದ ಕೂಡಲೇ ಮೂಲ ಫೈಲು ಗುರುತಿಲ್ಲದಂತೆ ಅಳಿಯುತ್ತದೆ. ಒಂದೊಂದಕ್ಕೂ ಸಾಹುಕಾರರು ಅದನ್ನೆಲ್ಲ ತಾವೇ ಕಂಡುಹಿಡಿದವರಂತೆ ತಲೆ ಆಡಿಸಿದರು.

ಆಮೇಲೆ ಅವಳು ಹಾಳೆಯ ಕೊನೆಯ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡಳು.

“ಇನ್ನೇನೈತಿ?”

“ಉಳಿದದ್ದು ಕಳ್ಳರಿಗೆ ಸಂಬಂಧಪಟ್ಟದ್ದೈತ್ರಿ.”

“ಕಳ್ಳರ ಸುದ್ದಿ ನಮಗ್ಯಾಕ? ಗ್ವಾಡಿ ಕಡೆ ಮಾರಿ ಮಾಡು, ಪಾಸ್‌ವರ್ಡ್ ಹಾಕ್ತೇನಿ.”

ಅವಳು ಗೋಡೆಯತ್ತ ತಿರುಗಿ ನಿಂತಳು. ಸಾಹುಕಾರರು ಒಂದೇ ಬೆರಳಿನಿಂದ ಅಕ್ಷರ ಹುಡುಕತೊಡಗಿದರು. “ಎಸ್… ಎ… ಈ ಎನ್ ಎಲ್ಲಿ ಹೋತು… ಹಾಂ. ಜಿ…” ಒಂಬತ್ತು ಅಕ್ಷರ ಒತ್ತುವುದರೊಳಗೆ ಹಣೆಯ ಮೇಲೆ ಬೆವರು ಬಂತು. ಬೀಗ ಬಿತ್ತು. ಅವರು ಕುರ್ಚಿಗೆ ಒರಗಿದರು.

“ಈಗ ಬ್ಯಾರೆ ಪ್ರತಿ ಎಲ್ಲೂ ಇಲ್ಲೇನ್ರಿ?” ಎಂದು ವಿದ್ಯಾವತಿ ಕೇಳಿದಳು.

“ಒಂದೂ ಇಲ್ಲ. ಕದೀಲಿ ಬಿಡು, ಎಲ್ಲಿ ಕದೀತಾರ.”

“ಹಂಗಾರ ಒಂದು ಮಾತು ಕಾಕಾ. ಈ ಬೀಗ ನಾ ತಗದ್ರ ಅಪ್ಪನ ಅಧ್ಯಾಯ ತಗೀತೀರೇನ್ರಿ?”

“ತೆಗಿಯಾಕ ಆಗ್ಲಿಲ್ಲ ಅಂದ್ರ?”

“ಇನ್ನ ಆ ಮಾತು ಎತ್ತಂಗಿಲ್ರಿ. ಮೂರು ಸಲ ನೋಡ್ತೇನಿ.”

“ಮೂವತ್ತು ಸಲ ನೋಡು.”

“ಮೂರು ಸಾಕ್ರಿ.”

ಸಾಹುಕಾರರಿಗೆ ಖುಷಿಯೋ ಖುಷಿ. ಕುರ್ಚಿ ಬಿಟ್ಟುಕೊಟ್ಟರು. ಅವಳು ಮೊದಲು ಅವರ ಮನೆದೇವರ ಹೆಸರು ಹಾಕಿದಳು. ತಪ್ಪು. ಎರಡನೆಯ ಸಲ ಜಯಮಾಲಾ ಎಂದು ಹಾಕಿದಳು. ಹೆಂಡತಿಯ ಹೆಸರು ಕಂಡು ಸಾಹುಕಾರರಿಗೆ ಕೆಮ್ಮು ಬರುವಷ್ಟು ನಗೆ ಬಂತು. ಮೂರನೆಯ ಸಲ ಅವಳು ಬಹಳ ಹೊತ್ತು ಕೂತಳು. ಕೊನೆಗೆ ಮುದ್ದೇಬಿಹಾಳ ಎಂದು ಒತ್ತಿದಳು. ಅದೂ ತಪ್ಪು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಒಂದು ಸಾಲು ಮೂಡಿ ನಿಂತಿತು.

“ಸೋತೆನ್ರಿ ಕಾಕಾ,” ಎಂದಳು.

“ಎಂ.ಎ. ಮಾಡಿ ಏನ್ ಬಂತು ನೋಡು,” ಎಂದು ಸಾಹುಕಾರರು ತೊಡೆ ತಟ್ಟಿದರು. ಚಹಾಕ್ಕೆ ಕೂಗಿದರು. ಜಯಮಾಲಾ ಎರಡು ಕಪ್ಪು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಸೋತವಳ ಮೇಲೆ ಸಾಹುಕಾರರಿಗೆ ಕನಿಕರ ಕೂಡ ಬಂತು, ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ಸರಿಸಿದರು. ವಿದ್ಯಾವತಿ ಚಹಾ ಪೂರ್ತಿ ಕುಡಿದಳು.

“ಆ ಇಂಗ್ಲಿಷ್ ಒಂದು ಓದಿ ಹೇಳಿ ಹೋಗವಾ,” ಎಂದರು ಸಾಹುಕಾರರು. “ನೀ ಸೋತದ್ದು ಬರದೈತೇನು?”

ವಿದ್ಯಾವತಿ ಎದ್ದು ನಿಂತು, ತರಗತಿಯಲ್ಲಿ ಹೇಳಿಕೊಡುವಂತೆ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: “ಪಾಸ್‌ವರ್ಡ್ ಮೂರು ಸಲ ತಪ್ಪಾಗಿರುವುದರಿಂದ, ಮಾಲೀಕರು ಮೊದಲೇ ಬಯಸಿದಂತೆ, ಈ ಫೈಲನ್ನು ಮತ್ತೆಂದೂ ಸಿಗದ ಹಾಗೆ ಅಳಿಸಿ ಹಾಕಲಾಗಿದೆ, ಅಂತ ಬರದೈತ್ರಿ.”