ಬಾಗಿಲ ಪಕ್ಕದ ಚಕ್ಕೆ

ವರ್ಷದಲ್ಲಿ ಮೂರನೇ ಸಲ ನನ್ನನ್ನು ಕರೆಸಿ ಯಜಮಾನರು ರೇಗಿದರು. "ಎಂಥಾ ಪೇಂಟ್ ಹೊಡ್ದಿದ್ದೀಯಯ್ಯಾ? ಮತ್ತೆ ಅದೇ ಜಾಗದಲ್ಲಿ ಚಕ್ಕೆ ಎದ್ದಿದೆ!"

"ಸಿಮೆಂಟ್ ಬ್ಲಾಕ್ ಗೋಡೆ ತೇವ ಕುಡಿದಿದ್ರೆ ಬುಡದಿಂದ ಏಳ್ಬೇಕಿತ್ತು ಸ್ವಾಮಿ. ಇದು ಬಾಗ್ಲ ಪಕ್ಕ, ಎದೆಮಟ್ಟಕ್ಕೆ, ಗೇಣಗಲ ಅಷ್ಟೇ."

ಚಕ್ಕೆ ಎದ್ದಲ್ಲಿ ಹಳೆಯ ಕೆಂಪಕ್ಷರ ಇಣುಕುತ್ತಿತ್ತು: ಚಿ.ಸೌ. ವನಜಾಕ್ಷಿ. ಯಜಮಾನರ ಈ ಮಗಳ ಮದುವೆಗೆ ಗೋಡೆಯ ಮೇಲೆ ಜೋಡಿಯ ಹೆಸರು ಬರೆದವನೂ ನಾನೇ. ಆರೇ ತಿಂಗಳಿಗೆ ಅವಳು ತೀರಿಕೊಂಡಾಗ ಹಸಿರು ಬಳಿದು ಮುಚ್ಚಿದವನೂ ನಾನೇ. ಪಕ್ಕದಲ್ಲಿದ್ದ ಗಂಡನ ಹೆಸರಿನ ಮೇಲೆ ಬಣ್ಣ ಗಟ್ಟಿಯಾಗಿಯೇ ಇತ್ತು.

"ಈ ಸಲ ಸರಿಯಾಗಿ ಮುಚ್ಚಪ್ಪಾ," ಯಜಮಾನರ ದನಿ ಇಳಿಯಿತು. "ದಿನಾ ನೋಡೋಕಾಗಲ್ಲ ಕಣೋ."

ವನಜಾಕ್ಷಿಯ ತಾಯಿ ಕಾಫಿ ತಂದು ಕೊಟ್ಟರು. ಲೋಟ ಹಿಡಿದ ಅವರ ಉಗುರುಗಳ ಸಂದಿ ತುಂಬ ನನ್ನ ಹಸಿರು ಬಣ್ಣವಿತ್ತು.