ಇಳಿಜಾರಿನಲ್ಲಿ ನಿಂತ ಇಂಜಿನ್

ಏರು ಶುರುವಾದದ್ದೇ ಇಂಜಿನ್ ಗುರುಗುಟ್ಟಿತು. ಅದಕ್ಕೇ ಕಾದಿದ್ದವರಂತೆ ಹಿಂದಿನ ಸೀಟಿನ ಕಾಂತಾಬಾಯಿ ಗಂಡ ವೀರಶೆಟ್ಟಿಯ ಕಿವಿಗೆ ಬಾಗಿದರು.

ಹೆಣ್ಣು ನೋಡಿ, ಹೆಣ್ಣಿನ ಮನೆಯಲ್ಲಿ ಚಹಾ ಫಳಾರವೂ ಆಗಿತ್ತು. ನೋಡಿದ ಮನೆಯಲ್ಲೇ ಹೂಂ ಅಥವಾ ಉಹೂಂ ಅನ್ನುವ ಪದ್ಧತಿ ಇವರಲ್ಲಿಲ್ಲ. 'ಊರಿಗೆ ಹೋಗಿ ಹೇಳ್ತೀವ್ರಿ' ಅನ್ನಬೇಕು, ಹೆಣ್ಣಿನವರು ಫೋನು ಹಿಡಿದು ಕೂರಬೇಕು. ತಾಂಡೂರಿನಿಂದ ಬಸ್ಸಿನಲ್ಲಿ ಬಂದ ಗಂಡಿನ ತಂದೆತಾಯಿಯನ್ನು ಜಹೀರಾಬಾದಿನ ಶುಂಠಿ ವ್ಯಾಪಾರಿ ವೈಜಿನಾಥ ಝರಾಸಂಗಂ ದೇವರ ದರ್ಶನಕ್ಕೆ ತನ್ನ ಕಾರಿನಲ್ಲೇ ಹೊರಡಿಸಿದ್ದ. ಸ್ಟೇರಿಂಗ್ ಮಗಳು ಭುವನೇಶ್ವರಿಗೆ ಕೊಟ್ಟಿದ್ದ. ಅಡುಗೆ ಬರುತ್ತದೆಂದು ಎಲ್ಲ ಅಪ್ಪಂದಿರೂ ಹೇಳುತ್ತಾರೆ. ಕಾರು ಓಡಿಸುವುದನ್ನು ತೋರಿಸಿಯೇ ಬಿಡಬಹುದು. ಗಂಡು ಪ್ರವೀಣಕುಮಾರ ಬಂದಿರಲಿಲ್ಲ. ರಜೆ ಸಿಗಲಿಲ್ಲವಂತೆ.

"ಇದಕ್ಕ ಎರಡು ಜೀವ ಅವ ಬೀಗರ," ಎಂದು ವೈಜಿನಾಥ ಹೊರಟಾಗಿನಿಂದ ಹೇಳುತ್ತಿದ್ದ. ಉತ್ತರ ಬರುವ ಮೊದಲೇ ಅವನಿಗೆ ಅವರು ಬೀಗರು. "ಮನ್ಯಾಗ ಚಾರ್ಜ್ ಮಾಡಿದ್ದು ಬ್ಯಾಟರಿ, ಅದರ ಮ್ಯಾಲ ಸುಮ್ಮ ಹೋಗ್ತದ. ಏರು ಬಂದ್ರ ಪೆಟ್ರೋಲ್ ಇಂಜಿನ್ ಕೂಡಿಕೊಳ್ತದ. ಇಳುಕಲಿಗೆ ಇಂಜಿನ್ ಬಂದ್, ಗಾಲಿ ತಿರುಗಿದ್ದೇ ಕರೆಂಟ್ ಆಗಿ ವಾಪಸ್ ಬ್ಯಾಟರಿಗೆ. ನಾವೇನೂ ಹೇಳೂದು ಬ್ಯಾಡ, ಎಲ್ಲಾ ಅದೇ ನೋಡ್ಕೊಳ್ತದ."

ಕಾಂತಾಬಾಯಿ ಇದನ್ನು ಕೇಳಿರಲಿಲ್ಲ. ಕಾರಿನ ಬಗ್ಗೆ ಗಂಡಸರು ಆಡುವ ಮಾತನ್ನು ಯಾವ ಹೆಂಗಸು ಪೂರ್ತಿ ಕೇಳುತ್ತಾಳೆ? ಅವರು ಇಂಜಿನ್ನಿನ ಸದ್ದನ್ನು ನಂಬಿ ಮಾತಾಡುತ್ತಲೇ ಹೋದರು. ಏರು ಮುಗಿಯಿತು. ಇಂಜಿನ್ ನಿಂತಿತು. ಮಾತು ನಿಲ್ಲಲಿಲ್ಲ.

"...ಆ ಧಮ್ಮಶೀಲಾನ ಸುದ್ದಿ ಇವರ ಕಿವಿಗೆ ಬೀಳೂದ್ರೊಳಗ ಅಕ್ಷತಿ ಬೀಳಬೇಕು. ತಾಳಿ ಕಟ್ಟಿದ ಮ್ಯಾಲ ಅಂವ ತಾನೇ ಮರೀತಾನ."

ಕಾರು ಸದ್ದಿಲ್ಲದೆ ಇಳಿಯುತ್ತಿತ್ತು. ವೀರಶೆಟ್ಟಿ ಕೆಮ್ಮಿದ. ತಡವಾಗಿತ್ತು.

ಇಳಿಜಾರು ಮುಗಿದು ಸಪಾಟು ರಸ್ತೆ ಬಂದಾಗ ಮಗಳ ಪಕ್ಕ ಕೂತಿದ್ದ ವೈಜಿನಾಥ ಕೈ ಚಾಚಿ ಒಂದು ಬಟನ್ ಒತ್ತಿದ. ಇಂಜಿನ್ ಮತ್ತೆ ಗುರುಗುಟ್ಟಿತು. ಬ್ಯಾಟರಿ ಬೇಕಾದಷ್ಟಿತ್ತು, ಮಾತು ಮುಚ್ಚುವುದರ ಹೊರತು ಇಂಜಿನ್‌ಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಭುವನೇಶ್ವರಿ ಆ ಬೆರಳನ್ನು ನೋಡಿದಳು. ಕಾಂತಾಬಾಯಿಯ ಮಾತಿಗಿಂತ ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

"ಬ್ಯಾಟರಿ ಉಳಸಬೇಕವ್ವ," ಎಂದ ವೈಜಿನಾಥ, ಮಗಳ ಮುಖ ನೋಡದೆ. "ಮುಂದ ಬೇಕಾಗ್ತದ."

"ಈಗೇ ಬೇಕಾಗ್ಯದ ಅಪ್ಪಾ."

ಅವಳು ಅದೇ ಬಟನ್ ಒತ್ತಿ ಇಂಜಿನ್ ನಿಲ್ಲಿಸಿದಳು. ಕಬ್ಬಿನ ಹೊಲದ ಪಕ್ಕಕ್ಕೆ ಕಾರು ಸರಿಸಿ ನಿಲ್ಲಿಸಿದಳು. ಸೀಟಿನ ರೆಕ್ಸಿನ್ ಕರಕರ ಎನ್ನುವುದೂ ಕೇಳುತ್ತಿತ್ತು.

"ಮೌಶಿ, ಧಮ್ಮಶೀಲಾ ಅಂದ್ರ ಯಾರ್ರಿ?" ಎಂದು ಕಾಂತಾಬಾಯಿಯ ಕಡೆ ತಿರುಗಿ ಕೇಳಿದಳು.

ವೀರಶೆಟ್ಟಿ ಜೀವಮಾನದಲ್ಲಿ ಕಬ್ಬೇ ಕಂಡಿಲ್ಲದವನಂತೆ ಕಿಟಕಿಯಾಚೆ ನೋಡತೊಡಗಿದ. ಕಾಂತಾಬಾಯಿ ಸೆರಗು ಸರಿಮಾಡಿಕೊಂಡರು. ಸುಳ್ಳು ಹೇಳಬಹುದಿತ್ತು, ಆ ನಿಶ್ಶಬ್ದದಲ್ಲಿ ಅವರಿಗೆ ಅದು ಹೊಂದಿಬರಲಿಲ್ಲ.

"ನಮ್ಮ ಪ್ರವೀಣ, ಆಕಿ ನಾಕು ವರ್ಷದಿಂದ ಕೂಡಿ ತಿರಗ್ಯಾರವ್ವ. ಜಾತಿ ಒಂದು ಕೂಡಲಿಲ್ಲ. ಹುಡುಗಿ ಕೆಟ್ಟಾಕಿ ಏನಲ್ಲ." ತುಸು ತಡೆದು ಅಂದರು, "ಓದ್ಯಾಳ. ಹಿರೇರು ಅಂದ್ರ ಮರ್ಯಾದಿ ಕೊಡ್ತಾಳ. ನಿನ್ನಂಥಾಕೀನೇ."

ಭುವನೇಶ್ವರಿ ಹಿಂದೆಮುಂದೆ ನೋಡಿ ಕಾರನ್ನು ತಿರುಗಿಸಿ ಜಹೀರಾಬಾದ್ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

"ಹಾಂಗಿದ್ರ ಚಹಾ ಫಳಾರ ಆಕಿ ಮನ್ಯಾಗ ಆಗಬೇಕಿತ್ತಲ್ರಿ," ಎಂದಳು.