ಹೊಗಳಿಕೆಯ ಪೋರ್ಟ್

ಆ ಊರಿನಲ್ಲಿ ಎಲ್ಲರ ಕಿವಿಗೂ ಮಾತು ಒಳಹೋಗುವ ಕಿಂಡಿಗಳಂಥ ಪೋರ್ಟ್‌ಗಳಿದ್ದವು. ಸುದ್ದಿಗೊಂದು, ಅಳುವಿಗೊಂದು, ಹೊಗಳಿಕೆಗೊಂದು. ಹೆಸರಾಂತ ಭಾಷಣಕಾರ ತ್ರಿವಿಕ್ರಮ ರಾಯರು ಹೊಗಳಿಕೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿಸಿಕೊಂಡಿದ್ದರು.

ಆಸ್ಪತ್ರೆಯಿಂದ ಓಡಿಬಂದ ತಂಗಿ ಪದ್ಮಿನಿ, "ಅಣ್ಣಾ, ಅಮ್ಮ ನಿನ್ನನ್ನೇ ಕೇಳ್ತಿದಾಳೆ, ಬೇಗ ಬಾ" ಎಂದು ಸುದ್ದಿಯ ಪೋರ್ಟ್‌ಗೆ ಕೂಗಿದಳು. ರಾಯರಿಗೆ ಕೇಳಿಸಲಿಲ್ಲ. ಅತ್ತಳು, ಅದೂ ಒಳಗೆ ಹೋಗಲಿಲ್ಲ. ಕೊನೆಗೆ ಅಸಹ್ಯವನ್ನು ನುಂಗಿಕೊಂಡು ಹೊಗಳಿಕೆಯ ಪೋರ್ಟ್‌ಗೇ ಹೇಳಿದಳು: "ನಿನ್ನಂಥ ಮಗ ಊರಲ್ಲೇ ಇಲ್ಲ ಅಣ್ಣಾ. ಸಾಯ್ತಾ ಇರೋ ಅಮ್ಮ ನಿನ್ನ ಹೆಸರನ್ನೇ ಜಪ ಮಾಡ್ತಿದಾಳೆ!"

ರಾಯರ ಮುಖ ಅರಳಿತು. ಕುರ್ಚಿಯಲ್ಲೇ ಹಿಂದಕ್ಕೊರಗಿ, "ಹೌದಾ? ಇನ್ನೂ ಏನೇನಂದ್ಲು?" ಎಂದು ಕೇಳಿದರು.

ಇಂಥವನಿಗೆ ಬೈಗುಳವೂ ದಂಡವೆನಿಸಿ, ಪದ್ಮಿನಿ ಒಬ್ಬಳೇ ಅಮ್ಮನ ಬಳಿಗೆ ಹೊರಟಳು.